ಅರಮನೆಯ ದೀಪ, ಅರೆಕ್ಷಣದ ಮಿಂಚು

ದಸರೆಯ ಸಂಜೆ, ಮೈಸೂರು ಅರಮನೆಯ ಮುಂದಿನ ಬಯಲು. ಏಳು ಗಂಟೆ ಹತ್ತಿರವಾದಂತೆ ಜನರ ಮಾತು ತಾನಾಗಿಯೇ ತಗ್ಗುತ್ತದೆ. ಅಷ್ಟು ಹೊತ್ತೂ ಕತ್ತಲಲ್ಲಿ ಮಸಕಾಗಿ ನಿಂತಿದ್ದ ಕಟ್ಟಡ ಥಟ್ಟನೆ ಹೊತ್ತಿಕೊಳ್ಳುತ್ತದೆ. ಗೋಪುರ, ಕಮಾನು, ಕಂಬ, ಗೋಡೆ ಎಲ್ಲದರ ಅಂಚಿಗೂ ಚಿನ್ನದ ಗೆರೆ ಎಳೆದಂತೆ ಸುಮಾರು 97 ಸಾವಿರ ದೀಪಗಳು. ಜನರಿಂದ "ಓ" ಎಂಬ ಉದ್ಗಾರ. ಅದರ ಬೆನ್ನಿಗೇ ಬಯಲಿನ ತುಂಬ ಇನ್ನೊಂದು ಬಗೆಯ ದೀಪಾವಳಿ: ನೂರಾರು ಕ್ಯಾಮೆರಾಗಳ ಬಿಳಿ ಮಿಂಚು.

ಆ ಮಿಂಚುಗಳಲ್ಲಿ ಹೆಚ್ಚಿನವು ವ್ಯರ್ಥ. ಅರಮನೆಗೆ ಅವುಗಳ ಅಗತ್ಯವೂ ಇಲ್ಲ, ಅಲ್ಲಿಯವರೆಗೆ ಅವು ಮುಟ್ಟುವುದೂ ಇಲ್ಲ. ಇದು ಗೊತ್ತಾಗುತ್ತಿದ್ದುದು ವಾರ ಕಳೆದ ಮೇಲೆ, ರೀಲು ತೊಳೆಸಿ ತಂದಾಗ. ಚಿತ್ರದಲ್ಲಿ ಅಪ್ಪ, ಅಮ್ಮ, ಇಬ್ಬರು ಮಕ್ಕಳು ಸುಣ್ಣ ಬಳಿದಂತೆ ಬೆಳ್ಳಗೆ ನಿಂತಿರುತ್ತಿದ್ದರು. ಹಿಂದೆ ಕಾಡಿಗೆಯಂಥ ಕಪ್ಪು. ಬಹಳವೆಂದರೆ ಆ ಕಪ್ಪಿನಲ್ಲಿ ನಾಲ್ಕಾರು ಮಿಣುಕು ಚುಕ್ಕೆ. ಆಲ್ಬಂ ತೋರಿಸುವಾಗ ಮನೆಯವರು ಬಾಯಲ್ಲಿ ಹೇಳಬೇಕಾಗುತ್ತಿತ್ತು: "ಹಿಂದೆ ಅರಮನೆ ಇದೆ, ಕಾಣ್ತಾ ಇಲ್ಲ ಅಷ್ಟೆ."

ಊರಿಂದ ಬಸ್ಸು ಹತ್ತಿ ಬಂದದ್ದು ಆ ದೀಪಗಳನ್ನು ನೋಡಲು. ಚಿತ್ರದಲ್ಲಿ ಇಲ್ಲದ್ದೂ ಆ ದೀಪಗಳೇ. ಕ್ಯಾಮೆರಾ ಕೆಟ್ಟಿರಲಿಲ್ಲ, ರೀಲಿನದೂ ತಪ್ಪಿಲ್ಲ. ತಪ್ಪಿದ್ದುದು ಫ್ಲ್ಯಾಶಿನ ಜತೆ ಅಂಟಿಕೊಂಡು ಬಂದ ಒಂದು ಅಭ್ಯಾಸದಲ್ಲಿ. ಆ ಅಭ್ಯಾಸ ಬೆಳೆದುಬಂದ ಬಗೆ, ಅದನ್ನು ಬಿಡಿಸಲು ಬಂದ 'ಸ್ಲೋ ಫ್ಲ್ಯಾಶ್' ಎಂಬ ಉಪಾಯ, ಇವೆರಡರ ಹಿಂದೆಯೂ ಒಂದೂವರೆ ಶತಮಾನದ ಕಥೆಯಿದೆ.

ದೀಪಗಳು ಬಂದ ದಾರಿ

ಬಣ್ಣಬಣ್ಣದ ವಿದ್ಯುತ್ ಬಲ್ಬುಗಳನ್ನು ಸಾಲಾಗಿ ಪೋಣಿಸಿ ಹಬ್ಬ ಮಾಡುವ ಪದ್ಧತಿ ವಿದ್ಯುತ್ ದೀಪದಷ್ಟೇ ಹಳೆಯದು. 1882ರ ಸೆಪ್ಟೆಂಬರಿನಲ್ಲಿ ಥಾಮಸ್ ಆಲ್ವ ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್‌ನಲ್ಲಿ ವಿದ್ಯುತ್ ಕೇಂದ್ರ ಆರಂಭಿಸಿದ. ಅದೇ ಡಿಸೆಂಬರಿನಲ್ಲಿ ಅವನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ತನ್ನ ಮನೆಯ ಕ್ರಿಸ್‌ಮಸ್ ಮರಕ್ಕೆ ಕೆಂಪು, ಬಿಳಿ, ನೀಲಿಯ 80 ಪುಟ್ಟ ಬಲ್ಬುಗಳನ್ನು ಕಟ್ಟಿ, ಮರ ತಿರುಗುವಂತೆಯೂ ಮಾಡಿದ. ಅಲ್ಲಿಯವರೆಗೆ ಕ್ರಿಸ್‌ಮಸ್ ಮರಕ್ಕೆ ಅಂಟಿಸುತ್ತಿದ್ದುದು ಉರಿಯುವ ಮೇಣದ ಬತ್ತಿಗಳನ್ನು. ಅದರಿಂದ ಬೆಂಕಿಯ ಭಯ ತಪ್ಪಿದ್ದಲ್ಲ. ಇಂದು ನಮ್ಮ ಊರುಗಳಲ್ಲಿ ಗಣೇಶನ ಪೆಂಡಾಲಿನಿಂದ ಮದುವೆ ಮನೆಯವರೆಗೆ ತೂಗುವ ಸೀರಿಯಲ್ ಸೆಟ್ ಆ ಮರದ ವಂಶದ್ದೇ.

ಮೈಸೂರಿಗೂ ಬೆಂಕಿಯ ನೆನಪು ಉಂಟು. ಬಹುಪಾಲು ಮರದಿಂದಲೇ ಕಟ್ಟಿದ್ದ ಹಳೆಯ ಅರಮನೆ 1897ರ ಫೆಬ್ರುವರಿಯಲ್ಲಿ, ರಾಜಕುಮಾರಿಯ ಮದುವೆಯ ಸಮಯದಲ್ಲಿ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಹೊಸ ಅರಮನೆ ಏಳತೊಡಗಿತು, 1912ರಲ್ಲಿ ಮುಗಿಯಿತು. ಈ ನಡುವೆ ಸಂಸ್ಥಾನದಲ್ಲಿ ಇನ್ನೊಂದು ದೊಡ್ಡ ಕೆಲಸ ಆಗಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಜಲವಿದ್ಯುತ್ ಯೋಜನೆ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕೊಟ್ಟಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂತು. 1908ರಲ್ಲಿ ಮೈಸೂರಿನ ಸರದಿ. ಹೀಗೆ ಹೊಸ ಅರಮನೆ ಮುಗಿಯುವ ಹೊತ್ತಿಗೆ ಊರಿಗೆ ವಿದ್ಯುತ್ ಬಂದಿತ್ತು.

ಅರಮನೆಯ ದೀಪಾಲಂಕಾರದಲ್ಲಿ ಗಮನಿಸಬೇಕಾದ ಒಂದು ವಿಶೇಷವಿದೆ. ದೊಡ್ಡ ದೀಪಗಳನ್ನು ನೆಲದಲ್ಲಿಟ್ಟು ಗೋಡೆಗೆ ಬೆಳಕು ಚೆಲ್ಲಿದರೆ ಕಟ್ಟಡ ಹಗಲಿನಂತೆಯೇ ಕಾಣುತ್ತದೆ. ಇಲ್ಲಿ ಹಾಗಲ್ಲ. ಸಣ್ಣ ಬಲ್ಬುಗಳು ಕಟ್ಟಡದ ಅಂಚುಗಳನ್ನೇ ಹಿಡಿದು ಸಾಗುತ್ತವೆ. ಕತ್ತಲೆಯ ಹಲಗೆಯ ಮೇಲೆ ಬೆಳಕಿನ ಸೀಮೆಸುಣ್ಣದಿಂದ ಬರೆದ ರೇಖಾಚಿತ್ರ ಅದು. ಕತ್ತಲೆ ಇದ್ದರಷ್ಟೇ ಅದಕ್ಕೆ ಶೋಭೆ. ಇಂಥ ಬೆಳಕಿನ ಚಿತ್ರ ತೆಗೆಯುವವನು ಕತ್ತಲೆಯನ್ನು ಓಡಿಸಲು ಹೋದರೆ ಎಡವುತ್ತಾನೆ.

ದೀಪ ಉಳಿದರೆ ಜನರಿಲ್ಲ

ರಾತ್ರಿಯ ಬೆಳಕನ್ನು ಚಿತ್ರದಲ್ಲಿ ಹಿಡಿಯಲು ಮೊದಲು ತಿಳಿದಿದ್ದ ದಾರಿ ಒಂದೇ: ಕಾಯುವುದು. 1890ರ ದಶಕದಲ್ಲಿ ಲಂಡನ್ನಿನ ಪಾಲ್ ಮಾರ್ಟಿನ್ ಎಂಬಾತ ಗ್ಯಾಸ್ ದೀಪಗಳ ಬೀದಿಗಳನ್ನು ಹೀಗೆಯೇ ಸೆರೆಹಿಡಿದ. ನ್ಯೂಯಾರ್ಕಿನಲ್ಲಿ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಮಂಜು ಬೀಳುವ ಇರುಳಿನಲ್ಲಿ ಕ್ಯಾಮೆರಾ ಹೊತ್ತು ಹೊರಟ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು, ಮಸೂರದ ಮುಚ್ಚಳ ತೆಗೆದು, ಫಲಕದ ಮೇಲೆ ಬೆಳಕು ಹನಿಹನಿಯಾಗಿ ತುಂಬುವವರೆಗೆ ಚಳಿಯಲ್ಲಿ ನಿಲ್ಲುವುದು ಅವರ ಕೆಲಸ.

ಹೀಗೆ ತೆಗೆದ ಚಿತ್ರಗಳಲ್ಲಿ ದೀಪ ಚೆನ್ನಾಗಿ ಬರುತ್ತಿತ್ತು, ಒದ್ದೆ ರಸ್ತೆಯಲ್ಲಿ ಅದರ ಪ್ರತಿಬಿಂಬವೂ ಬರುತ್ತಿತ್ತು. ಬಾರದವರೆಂದರೆ ಮನುಷ್ಯರು. ನಡೆದು ಹೋಗುವವರು ಒಂದು ಕಡೆ ನಿಲ್ಲದ ಕಾರಣ ಫಲಕದ ಮೇಲೆ ಅವರ ಗುರುತೇ ಉಳಿಯುತ್ತಿರಲಿಲ್ಲ. ಉಳಿದರೂ ಹೊಗೆಯ ಎಳೆಯಂತೆ. ಜನ ತುಂಬಿದ ಬೀದಿ ಚಿತ್ರದಲ್ಲಿ ಬಿಕೋ ಎನ್ನುತ್ತಿತ್ತು. ಹಬ್ಬದ ದೀಪವನ್ನು ಹೀಗೆ ತೆಗೆದರೆ ದೀಪ ಉಂಟು, ಹಬ್ಬವಿಲ್ಲ.

ಜನ ಉಳಿದರೆ ದೀಪವಿಲ್ಲ

ಕತ್ತಲಲ್ಲಿ ಮನುಷ್ಯರನ್ನು ಹಿಡಿಯಲು ಇನ್ನೊಂದು ದಾರಿ ಬೇಕಾಯಿತು. ಅದು ಬೆಳಕನ್ನು ಜತೆಗೇ ಕೊಂಡೊಯ್ಯುವ ದಾರಿ. ಪ್ಯಾರಿಸ್ಸಿನ ನಾಡಾರ್ 1860ರ ದಶಕದ ಆರಂಭದಲ್ಲಿ ಬ್ಯಾಟರಿಗಳಿಂದ ಉರಿಯುವ ಆರ್ಕ್ ದೀಪವನ್ನು ನೆಲದಡಿಯ ಅಸ್ಥಿಮಂದಿರಗಳಿಗೆ ಇಳಿಸಿ ಚಿತ್ರ ತೆಗೆದ. ಆ ದೀಪಕ್ಕೂ ಸಾಕಷ್ಟು ಹೊತ್ತು ಬೇಕಾಗುತ್ತಿತ್ತು. ಹೀಗಾಗಿ ಕೂಲಿಯವರ ಬದಲು ಬಟ್ಟೆ ತೊಡಿಸಿದ ಬೊಂಬೆಗಳನ್ನು ನಿಲ್ಲಿಸಿದ್ದ. 1864ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಬ್ರದರ್ಸ್ ಮೆಗ್ನೀಸಿಯಂ ತಂತಿ ಉರಿಸಿ ಡರ್ಬಿಷೈರಿನ ಗುಹೆಯೊಂದರ ಒಳಭಾಗವನ್ನು ಚಿತ್ರಿಸಿದ. ಮರುವರ್ಷ ಖಗೋಳಶಾಸ್ತ್ರಜ್ಞ ಪಿಯಾಜಿ ಸ್ಮಿತ್ ಅದೇ ಲೋಹದ ಬೆಳಕಿನಲ್ಲಿ ಈಜಿಪ್ಟಿನ ಮಹಾ ಪಿರಮಿಡ್ಡಿನ ಒಳಗನ್ನು ತೆಗೆದ.

ತಂತಿ ನಿಧಾನವಾಗಿ ಉರಿಯುತ್ತಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಬೆಳಕು ಬಂದದ್ದು 1887ರಲ್ಲಿ. ಜರ್ಮನಿಯ ಅಡಾಲ್ಫ್ ಮೀಟೆ ಮತ್ತು ಯೋಹಾನೆಸ್ ಗೇಡಿಕೆ ಮೆಗ್ನೀಸಿಯಂ ಪುಡಿಗೆ ಪೊಟಾಸಿಯಂ ಕ್ಲೋರೇಟ್ ಮತ್ತು ಆಂಟಿಮನಿ ಸಲ್ಫೈಡ್ ಬೆರೆಸಿ 'ಮಿಂಚಿನ ಪುಡಿ'ಯನ್ನು ತಯಾರಿಸಿದರು. ಪಟಾಕಿಯ ಮದ್ದಿಗೂ ಇದಕ್ಕೂ ಬಹಳ ದೂರವಿಲ್ಲ. ಕಿಡಿ ಸೋಕಿದರೆ ಭುಗ್ಗೆಂದು ಬಿಳಿ ಬೆಳಕು. ಅದರ ಹಿಂದೆಯೇ ದಟ್ಟ ಹೊಗೆ, ಬೂದಿ.

ಈ ಪುಡಿಯ ಸುದ್ದಿ ಓದಿದವರಲ್ಲಿ ನ್ಯೂಯಾರ್ಕಿನ ಪತ್ರಿಕಾ ವರದಿಗಾರ ಜೇಕಬ್ ರೀಸ್ ಒಬ್ಬ. ವಲಸೆ ಬಂದ ಬಡವರು ಗಾಳಿ ಬೆಳಕಿಲ್ಲದ ಕೋಣೆಗಳಲ್ಲಿ ಹತ್ತಾರು ಮಂದಿ ಒಟ್ಟಿಗೆ ಮಲಗುವುದನ್ನು ಅವನು ಬರೆದು ಸೋತಿದ್ದ, ಓದಿದವರು ನಂಬುತ್ತಿರಲಿಲ್ಲ. ಮಿಂಚಿನ ಪುಡಿ ಹಿಡಿದು ರಾತ್ರಿ ಆ ಕೋಣೆಗಳಿಗೆ ನುಗ್ಗಿದ. ಮೊದಲು ಪಿಸ್ತೂಲಿನಂಥ ಸಾಧನದಲ್ಲಿ ಪುಡಿ ಸಿಡಿಸುತ್ತಿದ್ದ. ಜನ ಹೆದರಿ ಓಡುವುದನ್ನು ಕಂಡು ಬಾಣಲೆಯಲ್ಲಿ ಪುಡಿ ಸುರಿದು ಉರಿಸತೊಡಗಿದ. ಎರಡು ಬಾರಿ ಮನೆಗೆ, ಒಂದು ಬಾರಿ ತನಗೇ ಬೆಂಕಿ ಹತ್ತಿಸಿಕೊಂಡದ್ದನ್ನು ಅವನೇ ಬರೆದುಕೊಂಡಿದ್ದಾನೆ. 1890ರಲ್ಲಿ ಬಂದ ಅವನ ಪುಸ್ತಕ ನ್ಯೂಯಾರ್ಕಿನ ಕೊಳೆಗೇರಿಗಳ ಸುಧಾರಣೆಗೆ ದೊಡ್ಡ ಒತ್ತಾಯವಾಯಿತು. ಕತ್ತಲೆಯನ್ನು ಹೊಡೆದೋಡಿಸಿದ್ದರಿಂದ ಆದ ಒಳ್ಳೆಯ ಕೆಲಸ ಅದು.

ಮದ್ದಿನ ಅಪಾಯ ತಪ್ಪಿದ್ದು 1920ರ ದಶಕದ ಕೊನೆಗೆ. ಗಾಜಿನ ಬುರುಡೆಯಲ್ಲಿ ತೆಳು ಲೋಹದ ಹಾಳೆ ಮತ್ತು ಆಮ್ಲಜನಕ ತುಂಬಿದ ಫ್ಲ್ಯಾಶ್ ಬಲ್ಬು 1929ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂತು. ಹೊಗೆಯಿಲ್ಲ, ಸದ್ದಿಲ್ಲ. ಒಂದು ಚಿತ್ರಕ್ಕೆ ಒಂದು ಬಲ್ಬು. ಉರಿದ ಮೇಲೆ ಎಸೆಯಬೇಕು. 1930ರ ದಶಕದಲ್ಲಿ ಅಮೆರಿಕದ ಎಂಐಟಿಯ ಹೆರಾಲ್ಡ್ ಎಡ್ಜರ್ಟನ್ ಅನಿಲ ತುಂಬಿದ ಕೊಳವೆಯಲ್ಲಿ ವಿದ್ಯುತ್ ಹಾಯಿಸಿ, ಮತ್ತೆ ಮತ್ತೆ ಮಿಂಚುವ ಎಲೆಕ್ಟ್ರಾನಿಕ್ ಫ್ಲ್ಯಾಶನ್ನು ರೂಪಿಸಿದ. ಅದರ ಮಿಂಚು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತಿನದು. ಬಿದ್ದ ಹಾಲಿನ ಹನಿ ಕಿರೀಟದಂತೆ ಸಿಡಿಯುವ ಅವನ ಚಿತ್ರ ಜಗತ್ಪ್ರಸಿದ್ಧವಾಯಿತು.

ಇಲ್ಲೊಂದು ಸ್ವಾರಸ್ಯವಿದೆ. ಮದ್ದಿನ ಕಾಲದಲ್ಲಿ ಕ್ಯಾಮೆರಾಕ್ಕೂ ಮಿಂಚಿಗೂ ಸಂಬಂಧವೇ ಇರಲಿಲ್ಲ. ಮುಚ್ಚಳ ತೆಗೆ, ಪುಡಿ ಹೊತ್ತಿಸು, ಮುಚ್ಚಳ ಹಾಕು, ಅಷ್ಟೆ. ಮಿಂಚಿಗೆ ಮೊದಲೂ ಆಮೇಲೂ ಮಸೂರ ತೆರೆದೇ ಇರುತ್ತಿತ್ತು. ಅಂದರೆ ಆಗಿನ ಪ್ರತಿಯೊಂದು ಫ್ಲ್ಯಾಶ್ ಚಿತ್ರವೂ ಒಂದರ್ಥದಲ್ಲಿ ಸ್ಲೋ ಫ್ಲ್ಯಾಶೇ. ಆದರೆ ಫಲಕಗಳಿಗೆ ಚುರುಕು ಇಲ್ಲದ್ದರಿಂದ ಸುತ್ತಲಿನ ಸಣ್ಣ ದೀಪಗಳು ಅವುಗಳ ಮೇಲೆ ಅಷ್ಟಾಗಿ ಮೂಡುತ್ತಿರಲಿಲ್ಲ. ಮುಂದೆ ಶಟರ್ ತೆರೆದ ಕ್ಷಣಕ್ಕೇ ಫ್ಲ್ಯಾಶ್ ಮಿಂಚುವಂತೆ ಎರಡನ್ನೂ ತಂತಿಯಿಂದ ಬೆಸೆದರು. ಆಗ ಶಟರ್ ಹೆಚ್ಚು ಹೊತ್ತು ತೆರೆದಿರುವ ಅಗತ್ಯವೇ ಉಳಿಯಲಿಲ್ಲ. ಸೆಕೆಂಡಿನ 60ರಲ್ಲಿ, 125ರಲ್ಲಿ ಒಂದು ಭಾಗ ತೆರೆದು ಮುಚ್ಚಿದರೆ ಸಾಕು. ಕೈ ನಡುಕ ಕಾಣುವುದಿಲ್ಲ, ಮುಖ ಚೂಪಾಗಿ ಬರುತ್ತದೆ. ಅಷ್ಟು ಬೇಗ ಮುಚ್ಚುವ ಬಾಗಿಲಿನಲ್ಲಿ ದೂರದ ದೀಪ ಒಳಬರಲು ಹೊತ್ತೇ ಸಿಗುವುದಿಲ್ಲ. ಫಿಲ್ಮು ಚುರುಕಾಗುತ್ತ ಹೋದರೂ ಅಭ್ಯಾಸ ಹಾಗೆಯೇ ಉಳಿಯಿತು.

1980ರ ದಶಕದಿಂದ ನಮ್ಮ ಮಧ್ಯಮವರ್ಗದ ಮನೆಗಳಿಗೆ ಬಂದ ಪುಟ್ಟ ಕ್ಯಾಮೆರಾಗಳು ಈ ಅಭ್ಯಾಸವನ್ನು ಒಳಗೇ ಅಡಗಿಸಿಕೊಂಡು ಬಂದವು. ಅವುಗಳಲ್ಲಿ ಹೆಚ್ಚಿನವಕ್ಕೆ ಶಟರಿನ ವೇಗ ಬದಲಿಸುವ ಸೌಕರ್ಯ ಇರಲಿಲ್ಲ. ಗುಂಡಿ ಒತ್ತಿದರೆ ಮಿಂಚು. ಮಿಂಚಿದರೆ ಮುಂದಿನವರು ಬಿಳಿ, ಹಿಂದಿನದು ಕಪ್ಪು. ಅರಮನೆ ಕಾಣದ ಆ ಸಾವಿರಾರು ಕುಟುಂಬ ಚಿತ್ರಗಳ ಮೂಲ ಇಲ್ಲಿದೆ.

ಮಿಂಚು ಬೇಡವೆಂದವರು

ಫ್ಲ್ಯಾಶ್ ಇದ್ದಲ್ಲಿನ ಬೆಳಕನ್ನು ಅಳಿಸಿಹಾಕುತ್ತದೆ ಎಂಬ ದೂರು ಹೊಸದಲ್ಲ. ಕಣ್ಣಿಗೆ ಕುಕ್ಕುವ ಆ ಬೆಳಕು ಗಾಂಧೀಜಿಗೆ ಹಿಡಿಸುತ್ತಿರಲಿಲ್ಲ. ಅವರ ಬಂಧು ಕನು ಗಾಂಧಿ ಆಶ್ರಮದಲ್ಲಿ ಕ್ಯಾಮೆರಾ ಹಿಡಿಯಲು ಅನುಮತಿ ಕೇಳಿದಾಗ ಗಾಂಧೀಜಿ ಹಾಕಿದ ಷರತ್ತು ಮೂರು: ಫ್ಲ್ಯಾಶ್ ಬಳಸಬಾರದು, ಹೀಗೆ ನಿಲ್ಲಿ ಹಾಗೆ ನಿಲ್ಲಿ ಎನ್ನಬಾರದು, ಆಶ್ರಮದಿಂದ ಹಣ ಕೇಳಬಾರದು. 1946ರಲ್ಲಿ 'ಲೈಫ್' ಪತ್ರಿಕೆಯ ಮಾರ್ಗರೆಟ್ ಬೂರ್ಕ್-ವೈಟ್ ಚರಕದ ಜತೆ ಗಾಂಧೀಜಿಯ ಚಿತ್ರ ತೆಗೆಯಲು ಬಂದಾಗ ಆಕೆಗೆ ಸಿಕ್ಕ ಅನುಮತಿ ಮೂರೇ ಮೂರು ಫ್ಲ್ಯಾಶ್ ಬಲ್ಬುಗಳಿಗೆ.

1948ರ ಜನವರಿ 30ರ ರಾತ್ರಿ ದೆಹಲಿಯ ಬಿರ್ಲಾ ಭವನದಲ್ಲಿ ಗಾಂಧೀಜಿಯ ದೇಹವನ್ನು ಇರಿಸಿದ್ದ ಕೋಣೆಗೆ ಅದೇ ಬೂರ್ಕ್-ವೈಟ್ ಕ್ಯಾಮೆರಾ ಮರೆಮಾಡಿಕೊಂಡು ಹೋದರು. ದುಃಖದಲ್ಲಿ ಕುಳಿತವರ ನಡುವೆ ಫ್ಲ್ಯಾಶ್ ಮಿಂಚಿದಾಗ ಅಲ್ಲಿದ್ದವರು ಕೆರಳಿದರು; ಆಕೆಯನ್ನು ಹೊರಗೆ ಕಳಿಸಿ ಫಿಲ್ಮನ್ನು ಬೆಳಕಿಗೆ ಒಡ್ಡಿ ಹಾಳುಮಾಡಿದರು. ಆ ರಾತ್ರಿ ಅಲ್ಲಿ ಇನ್ನೊಬ್ಬ ಛಾಯಾಗ್ರಾಹಕನೂ ಇದ್ದ. ಅಂದೇ ಗಾಂಧೀಜಿಯನ್ನು ಭೇಟಿಯಾಗಿ ಹೋಗಿದ್ದ ಫ್ರಾನ್ಸಿನ ಆನ್ರಿ ಕಾರ್ಟಿಯೆ-ಬ್ರೆಸ್ಸಾನ್, ಸುದ್ದಿ ಕೇಳಿ ಓಡಿ ಬಂದಿದ್ದ. ಫ್ಲ್ಯಾಶ್ ಬಳಸುವುದನ್ನು ಅವನು ಅಸಭ್ಯತೆ ಎಂದೇ ಎಣಿಸುತ್ತಿದ್ದ. ಗೇಟಿನ ಬಳಿ ನೆಹರೂ ಜನರಿಗೆ ಸಾವಿನ ಸುದ್ದಿ ಹೇಳುವ ಚಿತ್ರವನ್ನು ಅಲ್ಲಿದ್ದ ದೀಪದ ಬೆಳಕಿನಲ್ಲೇ, ಕೈಯಲ್ಲಿ ಹಿಡಿದ ಕ್ಯಾಮೆರಾದಲ್ಲಿ ತೆಗೆದ. ಚಿತ್ರ ಕೊಂಚ ಅಲುಗಿದೆ. ದೀಪ ಚಿತ್ರದೊಳಗೇ ಪ್ರಜ್ವಲಿಸುತ್ತದೆ. ಆ ರಾತ್ರಿಯ ಕತ್ತಲೆಯೂ ಗೊಂದಲವೂ ಅದರಲ್ಲಿ ಹಾಗೆಯೇ ಉಳಿದಿವೆ.

ಈ ಎರಡು ಪ್ರಸಂಗಗಳನ್ನು ನೋಡಿ ಫ್ಲ್ಯಾಶ್ ಕೆಟ್ಟದ್ದು, ಇದ್ದ ಬೆಳಕೇ ಒಳ್ಳೆಯದು ಎಂದು ತೀರ್ಪು ಕೊಟ್ಟುಬಿಡಬಹುದು. ಆದರೆ ಫ್ಲ್ಯಾಶ್ ಇಲ್ಲದಿದ್ದರೆ ರೀಸ್‌ನ ಕೊಳೆಗೇರಿಯ ಕೋಣೆಗಳು ಕತ್ತಲಲ್ಲೇ ಉಳಿಯುತ್ತಿದ್ದವು. ಹಬ್ಬದ ರಾತ್ರಿಯ ಸಂದರ್ಭವಂತೂ ಬೇರೆಯೇ. ಅಲ್ಲಿ ದೀಪಕ್ಕೆ ಬೆನ್ನು ಮಾಡಿ ನಿಂತ ಮಗುವಿನ ಮುಖದ ಮೇಲೆ ಬೆಳಕೇ ಇರುವುದಿಲ್ಲ. ಫ್ಲ್ಯಾಶ್ ಬೇಡವೆಂದರೆ ಅರಮನೆ ಬರುತ್ತದೆ, ಮಗು ಕಪ್ಪು ನೆರಳಾಗುತ್ತದೆ. ಇಲ್ಲಿ ಬೇಕಾದದ್ದು ರಾಜಿ.

ಒಂದು ಚಿತ್ರ, ಎರಡು ಕಾಲ

ಆ ರಾಜಿಯೇ ಸ್ಲೋ ಫ್ಲ್ಯಾಶ್. ಇದರ ತತ್ವ ಸರಳ. ಶಟರನ್ನು ಬೇಗ ಮುಚ್ಚದೆ ಸೆಕೆಂಡಿನ 15ರಲ್ಲಿ, 8ರಲ್ಲಿ ಅಥವಾ 4ರಲ್ಲಿ ಒಂದು ಭಾಗ ತೆರೆದಿಡುವುದು; ಆ ಅವಧಿಯ ನಡುವೆ ಫ್ಲ್ಯಾಶನ್ನೂ ಮಿಂಚಿಸುವುದು. ಹತ್ತಿರ ನಿಂತವರನ್ನು ಫ್ಲ್ಯಾಶ್ ಬೆಳಗುತ್ತದೆ. ದೂರದ ದೀಪಗಳು ತಮ್ಮ ಬೆಳಕಿನಿಂದಲೇ ಚಿತ್ರದೊಳಕ್ಕೆ ನಡೆದು ಬರುತ್ತವೆ. ಒಂದೇ ಚಿತ್ರದಲ್ಲಿ ಎರಡು ಕಾಲಗಳು ಸೇರುತ್ತವೆ: ಮನುಷ್ಯರದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ, ದೀಪದ್ದು ಎಂಟರಲ್ಲಿ ಒಂದು ಭಾಗ.

ಫ್ಲ್ಯಾಶ್ ಅರಮನೆಯನ್ನು ಏಕೆ ಮುಟ್ಟುವುದಿಲ್ಲ ಎಂಬುದಕ್ಕೆ ಶಾಲೆಯ ವಿಜ್ಞಾನವೇ ಸಾಕು. ಬೆಳಕು ದೂರ ಹೋದಂತೆ ದೂರದ ವರ್ಗದ ಪ್ರಮಾಣದಲ್ಲಿ ತೆಳುವಾಗುತ್ತದೆ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗ. ಮೂರು ಮೀಟರು ದೂರದ ಮುಖದ ಮೇಲೆ ಬೀಳುವ ಬೆಳಕಿಗೆ ಹೋಲಿಸಿದರೆ ನೂರು ಮೀಟರು ದೂರದ ಗೋಡೆಗೆ ಸಿಗುವುದು ಅದರ ಸಾವಿರದ ನೂರರಲ್ಲಿ ಒಂದು ಪಾಲು. ಫ್ಲ್ಯಾಶ್ ಎಷ್ಟೇ ದೊಡ್ಡದಿದ್ದರೂ ಈ ಲೆಕ್ಕ ಬದಲಾಗದು. ಶಟರಿನ ಲೆಕ್ಕ ಮಾತ್ರ ನಮ್ಮ ಕೈಯಲ್ಲಿದೆ. 125ರಲ್ಲಿ ಒಂದು ಭಾಗದ ಬದಲು 8ರಲ್ಲಿ ಒಂದು ಭಾಗ ತೆರೆದಿಟ್ಟರೆ ದೀಪಗಳಿಗೆ ಸುಮಾರು 16 ಪಟ್ಟು ಹೆಚ್ಚು ಹೊತ್ತು ಸಿಗುತ್ತದೆ. ಫ್ಲ್ಯಾಶಿನ ಬೆಳಕು ಮಾತ್ರ ಎರಡು ಸಲವೂ ಅಷ್ಟೇ. ಹಿಂದಿನದನ್ನು ಬೇಕಾದಷ್ಟು ಬೆಳಗಿಸಿದರೂ ಮುಂದಿನವರ ಮುಖ ಸುಣ್ಣವಾಗುವುದಿಲ್ಲ.

ಹಬ್ಬದ ದೀಪಗಳಿಗೆ ಐಎಸ್ಒ 400, ರಂಧ್ರ ಎಫ್ 2.8, ಶಟರ್ 8ರಲ್ಲಿ ಒಂದು ಸೆಕೆಂಡು ಎಂಬುದು ಆರಂಭಕ್ಕೆ ಒಳ್ಳೆಯ ಅಳತೆ. ಇಷ್ಟು ಸಾಧ್ಯವಾಗಲು ಚುರುಕಾದ ಫಿಲ್ಮು ಬರಬೇಕಿತ್ತು. 1930ರ ದಶಕದ ಬಣ್ಣದ ಫಿಲ್ಮುಗಳ ವೇಗ ಇಂದಿನ ಲೆಕ್ಕದಲ್ಲಿ ಹತ್ತರ ಆಸುಪಾಸು. ಅದರಲ್ಲಿ ಇದೇ ಚಿತ್ರಕ್ಕೆ ಐದು ಸೆಕೆಂಡು ಬೇಕು. ಯಾವ ಕೈಯೂ ಅಷ್ಟು ಹೊತ್ತು ಅಲುಗದೆ ಇರಲಾರದು. 1976ರ ಸುಮಾರಿಗೆ 400 ವೇಗದ ಬಣ್ಣದ ನೆಗೆಟಿವ್ ಫಿಲ್ಮು ಪೇಟೆಗೆ ಬಂದ ಮೇಲೆಯೇ ಬಣ್ಣದ ದೀಪಗಳ ಮುಂದೆ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ನಿಲ್ಲುವ ಧೈರ್ಯ ಬಂದದ್ದು.

ಹಾಗಿದ್ದರೂ 8ರಲ್ಲಿ ಒಂದು ಸೆಕೆಂಡು ಕೈಯಲ್ಲಿ ಹಿಡಿಯುವುದು ಸುಲಭವಲ್ಲ. 50 ಮಿಲಿಮೀಟರಿನ ಮಸೂರಕ್ಕೆ 60ರಲ್ಲಿ ಒಂದು ಭಾಗಕ್ಕಿಂತ ನಿಧಾನ ಬೇಡ ಎಂಬುದು ಹಳೆಯ ಪಾಠ. ಸ್ಲೋ ಫ್ಲ್ಯಾಶಿನಲ್ಲಿ ಈ ಪಾಠವನ್ನು ಮೀರಬಹುದು, ಏಕೆಂದರೆ ಮುಖ್ಯವಾದ ಮುಖಗಳನ್ನು ಫ್ಲ್ಯಾಶ್ ಕ್ಷಣಾರ್ಧದಲ್ಲಿ ಗಟ್ಟಿಯಾಗಿ ಹಿಡಿದಿರುತ್ತದೆ. ಅಲುಗಿದರೆ ಅಲುಗುವುದು ಹಿಂದಿನ ದೀಪ ಮಾತ್ರ. ಅದು ತುಸು ದಪ್ಪಗಾದರೂ ಕಣ್ಣಿಗೆ ಒಪ್ಪುತ್ತದೆ. ಮೊಣಕೈಯನ್ನು ಪಕ್ಕೆಗೆ ಒತ್ತಿ, ಕಂಬಕ್ಕೋ ಮರಕ್ಕೋ ಒರಗಿ, ಅರ್ಧ ಉಸಿರು ಬಿಟ್ಟು, ಗುಂಡಿಯನ್ನು ಜಗ್ಗದೆ ಮೆಲ್ಲಗೆ ಒತ್ತುವುದು ಅನುಭವಿಗಳ ಕ್ರಮ. ಅಗಲ ನೋಟದ ಮಸೂರ ಇದ್ದರೆ ಇನ್ನೂ ಅನುಕೂಲ.

ಚಿತ್ರ ತೆಗೆಸಿಕೊಳ್ಳುವವರಿಗೂ ಒಂದು ಮಾತು ಹೇಳಬೇಕಾಗುತ್ತದೆ. ಫ್ಲ್ಯಾಶ್ ಮಿಂಚಿದೊಡನೆ ಕೆಲಸ ಮುಗಿಯಿತೆಂದು ಜನ ಚದರುವುದು ರೂಢಿ. ಸ್ಲೋ ಫ್ಲ್ಯಾಶಿನಲ್ಲಿ ಆಗಲೂ ಶಟರ್ ತೆರೆದೇ ಇರುತ್ತದೆ. ಸರಿದವರ ಜಾಗದಲ್ಲಿ ಹಿಂದಿನ ದೀಪಗಳು ಮೂಡಿ, ಮೈಯೊಳಗಿಂದ ಬಲ್ಬು ಕಾಣುವ ದೆವ್ವದ ಚಿತ್ರ ಬರುತ್ತದೆ. "ಮಿಂಚಿದ ಮೇಲೂ ಒಂದು ಕ್ಷಣ ಅಲ್ಲಾಡಬೇಡಿ" ಎಂದರೆ ಈ ತೊಂದರೆ ಇಲ್ಲ.

ಇನ್ನು ಬಣ್ಣದ ವಿಷಯ. ತಂತಿ ಉರಿಯುವ ಹಳೆಯ ಬಗೆಯ ಬಲ್ಬಿನ ಬೆಳಕು ಹಳದಿ ಕೆಂಪಿನದು, ಅದರ ವರ್ಣತಾಪ ಸುಮಾರು 2700 ಕೆಲ್ವಿನ್. ಫ್ಲ್ಯಾಶಿನದು ಮಧ್ಯಾಹ್ನದ ಬಿಸಿಲಿನಂಥ ಬಿಳಿ, ಸುಮಾರು 5500 ಕೆಲ್ವಿನ್. ಎರಡೂ ಒಂದೇ ಚಿತ್ರದಲ್ಲಿ ಸೇರಿದಾಗ ಹಿಂದೆ ಚಿನ್ನದ ಅರಮನೆ, ಮುಂದೆ ನೀಲಿ ಛಾಯೆಯ ತಣ್ಣನೆಯ ಮುಖ. ಫ್ಲ್ಯಾಶಿನ ಮುಂದೆ ಕಿತ್ತಳೆ ಬಣ್ಣದ ಪಾರದರ್ಶಕ ಹಾಳೆಯ ತುಂಡು ಅಂಟಿಸಿ, ಕ್ಯಾಮೆರಾವನ್ನೂ ಬಲ್ಬಿನ ಬೆಳಕಿಗೆ ಹೊಂದಿಸಿಕೊಂಡರೆ ಎರಡು ಬೆಳಕಿಗೂ ನಂಟು ಕುದುರುತ್ತದೆ. ಫ್ಲ್ಯಾಶಿನ ಬಲವನ್ನು ಕೊಂಚ ತಗ್ಗಿಸಿದರೆ ಮುಖ ಇನ್ನೂ ಸಹಜವಾಗಿ, ಅರಮನೆಯ ಬೆಳಕೇ ಸೋಕಿದಂತೆ ಕಾಣುತ್ತದೆ.

ಪಂಜು ಮುಂದೋ ಹಿಂದೋ

ಚಲಿಸುವ ದೀಪಗಳ ಮುಂದೆ ಇನ್ನೊಂದು ತೊಡಕು. ವಿಜಯದಶಮಿಯ ರಾತ್ರಿ ಬನ್ನಿಮಂಟಪದ ಮೈದಾನದಲ್ಲಿ ನಡೆಯುವ ಪಂಜಿನ ಕವಾಯತನ್ನೇ ತೆಗೆದುಕೊಳ್ಳಿ. ಪಂಜು ಹಿಡಿದವನೊಬ್ಬ ಎಡದಿಂದ ಬಲಕ್ಕೆ ಸಾಗುತ್ತಿದ್ದಾನೆ. ಸಾಮಾನ್ಯ ಕ್ಯಾಮೆರಾ ಶಟರ್ ತೆರೆದ ಕೂಡಲೇ ಫ್ಲ್ಯಾಶ್ ಮಿಂಚಿಸುತ್ತದೆ. ಆಳು ಆ ಕ್ಷಣದಲ್ಲಿ ಇದ್ದಲ್ಲೇ ಗಟ್ಟಿಯಾದ. ಆಮೇಲೆ ಪಂಜು ಮುಂದೆ ಸಾಗಿದ ಗೆರೆ ಅವನ ಎದುರಿಗೆ ಮೂಡಿತು. ಚಿತ್ರ ನೋಡಿದವರಿಗೆ ಅವನು ಹಿಮ್ಮುಖವಾಗಿ ನಡೆಯುತ್ತಿರುವಂತೆ ತೋರುತ್ತದೆ.

ಶಟರ್ ಮುಚ್ಚುವ ತುಸು ಮೊದಲು ಫ್ಲ್ಯಾಶ್ ಮಿಂಚಿದರೆ ಬೆಂಕಿಯ ಗೆರೆ ಮೊದಲು ಮೂಡಿ, ಅದರ ತುದಿಯಲ್ಲಿ ಆಳು ನಿಲ್ಲುತ್ತಾನೆ. ಗೆರೆ ಬಾಲದಂತೆ ಅವನ ಹಿಂದೆ ಉಳಿಯುತ್ತದೆ. ಇದನ್ನು ಹಿಂಪರದೆಯ ಫ್ಲ್ಯಾಶ್ ಎನ್ನುತ್ತಾರೆ. 1986ರ ಕ್ಯಾನನ್ ಟಿ90, 1988ರ ನಿಕಾನ್ ಎಫ್-801 ಮುಂತಾದ ಕ್ಯಾಮೆರಾಗಳು ತಮಗೆ ಹೊಂದುವ ಫ್ಲ್ಯಾಶಿನೊಂದಿಗೆ ಈ ಸೌಲಭ್ಯ ಕೊಟ್ಟವು. ಮುಂದೆ ಸಣ್ಣ ಕ್ಯಾಮೆರಾಗಳಲ್ಲೂ ಮನುಷ್ಯನ ತಲೆ, ಅದರ ಪಕ್ಕ ಚಂದ್ರ ಅಥವಾ ನಕ್ಷತ್ರ ಇರುವ ಒಂದು ಗುರುತು ಕಾಣಿಸಿಕೊಂಡಿತು. ಆ ಗುರುತಿಗೆ ತಿರುಗಿಸಿದರೆ ಕ್ಯಾಮೆರಾ ತಾನೇ ಶಟರನ್ನು ನಿಧಾನ ಮಾಡಿ ಫ್ಲ್ಯಾಶನ್ನೂ ಮಿಂಚಿಸುತ್ತದೆ. ಅದರ ಅರ್ಥ ತಿಳಿಯದೆ ಎಷ್ಟೋ ಮಂದಿ ಅದನ್ನು ಮುಟ್ಟಲೇ ಇಲ್ಲ ಎಂಬುದು ಬೇರೆ ಮಾತು.

ಈಗಿನ ಬಯಲು

ಈಗ ಬಯಲಿನಲ್ಲಿ ಕ್ಯಾಮೆರಾಕ್ಕಿಂತ ಮೊಬೈಲ್ ಹೆಚ್ಚು. 2018ರಲ್ಲಿ ಗೂಗಲ್, 2019ರಲ್ಲಿ ಆ್ಯಪಲ್ ತಮ್ಮ ಫೋನುಗಳಿಗೆ ತಂದ ರಾತ್ರಿಯ ವಿಧಾನ ಒಂದರ ಮೇಲೊಂದು ಹಲವು ಚಿತ್ರ ತೆಗೆದು, ಕೈ ಅಲುಗಿದ್ದನ್ನು ಲೆಕ್ಕ ಹಾಕಿ ಸರಿಪಡಿಸಿ, ಒಂದಾಗಿ ಜೋಡಿಸುತ್ತದೆ. ಪಾಲ್ ಮಾರ್ಟಿನ್ ಸ್ಟ್ಯಾಂಡಿನ ಪಕ್ಕ ನಿಂತು ಕಾಯುತ್ತಿದ್ದುದನ್ನು ಫೋನು ಅಂಗೈಯಲ್ಲೇ ಮಾಡುತ್ತದೆ. ಹೆಚ್ಚಿನ ಫೋನುಗಳಲ್ಲಿ ಇರುವುದು ಹಳೆಯ ಕ್ಸೆನಾನ್ ಮಿಂಚಲ್ಲ, ಸಣ್ಣ ಎಲ್ಇಡಿ ದೀಪ. ಅದರ ಬೆಳಕು ಕೆಲವು ಮಾರು ದಾಟುವುದಿಲ್ಲ. ಆದರೂ ಅರಮನೆ ಹೊತ್ತಿಕೊಂಡ ಕೂಡಲೇ ಅದರ ಕಡೆಗೆ ನೂರಾರು ಫೋನುಗಳು ಮಿಂಚುವುದು ನಿಂತಿಲ್ಲ.

ಯಂತ್ರ ಎಷ್ಟೇ ಜಾಣವಾದರೂ ತಿಳಿವಳಿಕೆ ಅದೇ ಹಳೆಯದು. ಹತ್ತಿರ ಇರುವವರಿಗೆ ಒಂದಿಷ್ಟು ಬೆಳಕು ಕೊಡಬೇಕು, ದೂರ ಇರುವುದಕ್ಕೆ ಒಂದಿಷ್ಟು ಹೊತ್ತು ಕೊಡಬೇಕು. ಫ್ಲ್ಯಾಶಿನ ಚರಿತ್ರೆಯಲ್ಲಿ ಬಹುಕಾಲ ಬೆಳಕು ಹೆಚ್ಚುತ್ತಲೇ ಹೋಯಿತು, ಹೊತ್ತು ಕಡಿಮೆಯಾಗುತ್ತಲೇ ಬಂತು. ಕಳೆದುಹೋದ ಆ ಹೊತ್ತನ್ನು ಮರಳಿ ಕೊಟ್ಟದ್ದಷ್ಟೇ ಸ್ಲೋ ಫ್ಲ್ಯಾಶಿನ ಸಾಧನೆ.

ಮನೆಮನೆಯ ಹಳೆಯ ಆಲ್ಬಮ್ಮುಗಳಲ್ಲಿ ಆ ಕಪ್ಪು ಹಿನ್ನೆಲೆಯ ಚಿತ್ರಗಳು ಇನ್ನೂ ಇವೆ. ಅವುಗಳಲ್ಲಿ ನಿಂತ ಹಿರಿಯರಲ್ಲಿ ಎಷ್ಟೋ ಮಂದಿ ಈಗಿಲ್ಲ. ಅವರ ಮುಖವನ್ನು ಉಳಿಸಿಕೊಟ್ಟದ್ದು ಆ ಒರಟು ಮಿಂಚೇ ಎಂಬುದನ್ನೂ ಮರೆಯುವಂತಿಲ್ಲ. ಅವರು ಏನನ್ನು ನೋಡಲು ಅಲ್ಲಿಗೆ ಬಂದಿದ್ದರು, ಅವರ ಬೆನ್ನ ಹಿಂದೆ ಏನು ಬೆಳಗುತ್ತಿತ್ತು ಎಂಬುದನ್ನು ಮಾತ್ರ ಮೊಮ್ಮಕ್ಕಳಿಗೆ ಇನ್ನೂ ಬಾಯಲ್ಲೇ ಹೇಳಬೇಕು. ಎಂಟರಲ್ಲಿ ಒಂದು ಸೆಕೆಂಡು ಶಟರ್ ತೆರೆದಿದ್ದರೆ ಅದನ್ನೂ ಆ ಚಿತ್ರವೇ ಹೇಳುತ್ತಿತ್ತು.